ಇನ್‌ಪುಟ್ ಕ್ಯಾಪ್ಚರ್ ಅಂದರೆ ಪಲ್ಸ್ ಎಣಿಸುವುದಲ್ಲ

ಕೊಡಗಿನಲ್ಲಿ ಕಾಫಿ ಕುಯ್ಲು ಬಂತೆಂದರೆ ಪಲ್ಪರ್‌ಗೆ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರಕ್ಕೆ) ಸ್ಪೀಡ್ ಮೀಟರ್ ಕಟ್ಟುವ ಹುಡುಗರೂ ಬರುತ್ತಾರೆ. ಒಳ್ಳೆಯದೇ, ಬೆಲ್ಟ್ ಜಾರಿ ಶಾಫ್ಟ್ ನಿಧಾನವಾದದ್ದು ಮೋಟಾರಿನ ಸದ್ದಿನಲ್ಲಿ ಗೊತ್ತಾಗುವುದಿಲ್ಲ. ಆದರೆ ಆ ಕೆಲಸದ ವರದಿಯಲ್ಲಿ ‘ಇನ್‌ಪುಟ್ ಕ್ಯಾಪ್ಚರ್ ವಿಧಾನ’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ, ಕೋಡ್ ನೋಡಿದರೆ ಸೆನ್ಸರ್‌ನಿಂದ ಒಂದು ಸೆಕೆಂಡಿನಲ್ಲಿ ಬಂದ ಪಲ್ಸ್ (ವಿದ್ಯುತ್ ಮಿಡಿತ) ಎಣಿಸಿ 60ರಿಂದ ಗುಣಿಸಿರುತ್ತಾರೆ! ಅದು ಪಲ್ಸ್ ಕೌಂಟಿಂಗ್. ಕ್ಯಾಪ್ಚರ್ ಅಂದರೆ ಪಲ್ಸ್ ಬಂದ ಕ್ಷಣವನ್ನು ಹಾರ್ಡ್‌ವೇರೇ ಗುರುತು ಹಾಕಿಡುವುದು.

ಪುಲ್ಲಿಗೆ ಒಂದು ಅಯಸ್ಕಾಂತ, ಎದುರಿಗೆ ಅಯಸ್ಕಾಂತ ಹಾದುಹೋದಾಗಲೆಲ್ಲ ಒಂದು ಪಲ್ಸ್ ಕೊಡುವ ಹಾಲ್ ಸೆನ್ಸರ್, ಶಾಫ್ಟ್ ನಿಮಿಷಕ್ಕೆ 150 ಸುತ್ತು ಅಂತಿಟ್ಟುಕೊಳ್ಳಿ. ಸೆಕೆಂಡಿಗೆ ಎರಡೂವರೆ ಪಲ್ಸ್. ಅರ್ಧ ಪಲ್ಸ್ ಎಣಿಸಲು ಬರುವುದಿಲ್ಲ, ಹಾಗಾಗಿ ಪರದೆಯಲ್ಲಿ ಒಮ್ಮೆ 120, ಒಮ್ಮೆ 180. ಬೆಲ್ಟ್ ಸರಿಯಾಗೇ ಇರುತ್ತದೆ, ಪಾಪ.

ಇಂಟರಪ್ಟ್ (ಪ್ರೊಸೆಸರ್ ಕೈಯಲ್ಲಿನ ಕೆಲಸ ನಿಲ್ಲಿಸಿ ಓಡಿಸುವ ತುಂಡು ಕೋಡ್) ಒಳಗೆ ಟೈಮರ್ ಓದಿ ಎರಡು ಪಲ್ಸ್ ನಡುವಿನ ಹೊತ್ತು ಲೆಕ್ಕ ಹಾಕುವವರು ವಾಸಿ. ಆದರೂ ಅದು ಕ್ಯಾಪ್ಚರ್ ಅಲ್ಲ. ಪಲ್ಸ್ ಬಂದಾಗ ಪ್ರೊಸೆಸರ್ ಬೇರೊಂದು ಇಂಟರಪ್ಟ್‌ನಲ್ಲಿ ಮುಳುಗಿದ್ದರೆ ಓದುವುದು ತಡವಾಗುತ್ತದೆ, ಆ ತಡ ಪ್ರತಿ ಸಲ ಒಂದೇ ಅಲ್ಲ. ಕ್ಯಾಪ್ಚರ್‌ನಲ್ಲಿ ಪ್ರೊಸೆಸರ್‌ಗೆ ಆ ಕೆಲಸವೇ ಇಲ್ಲ. ಪಿನ್‌ನಲ್ಲಿ ಎಡ್ಜ್, ಅಂದರೆ ಪಲ್ಸ್ ಏರುವ ಅಥವಾ ಇಳಿಯುವ ಅಂಚು, ಬಂದ ಕ್ಷಣ ಟೈಮರ್‌ನ ಎಣಿಕೆಯನ್ನು ಹಾರ್ಡ್‌ವೇರೇ ಒಂದು ರಿಜಿಸ್ಟರ್‌ಗೆ (ಚಿಪ್‌ನೊಳಗಿನ ಪುಟ್ಟ ಮೆಮೊರಿಗೆ) ನಕಲು ಮಾಡಿಡುತ್ತದೆ. ಮುಂದಿನ ಎಡ್ಜ್ ಬರುವುದರೊಳಗೆ ಯಾವಾಗ ಓದಿದರೂ ಅದೇ ಸಂಖ್ಯೆ. ಆರ್ಡುಯಿನೋ ಊನೋ R3 ಬೋರ್ಡಿನಲ್ಲಿ ಈ ಸೌಲಭ್ಯ ಟೈಮರ್ 1ಕ್ಕೆ ಮಾತ್ರ, ಪಿನ್ 8. ಸೆನ್ಸರ್ ವೈರನ್ನು ಪಿನ್ 2ಕ್ಕೆ ಕೊಟ್ಟು ‘ಕ್ಯಾಪ್ಚರ್ ಮಾಡಿದ್ದೇವೆ’ ಎಂದರೆ ನಂಬುವುದು ಹೇಗೆ?

ಇನ್ನು ಲೆಕ್ಕ. 16 ಮೆಗಾಹರ್ಟ್ಸ್ ಗಡಿಯಾರಕ್ಕೆ ಪ್ರೀಸ್ಕೇಲರ್ (ಗಡಿಯಾರದ ವೇಗವನ್ನು ಭಾಗಿಸುವ ಸಂಖ್ಯೆ) 64 ಹಾಕಿದರೆ ಟೈಮರ್‌ನ ಒಂದು ಟಿಕ್ 4 ಮೈಕ್ರೋಸೆಕೆಂಡ್. ನಮ್ಮ ಶಾಫ್ಟ್‌ನ ಒಂದು ಸುತ್ತು 400 ಮಿಲಿಸೆಕೆಂಡ್, ಅಂದರೆ 1,00,000 ಟಿಕ್. 16 ಬಿಟ್ ಟೈಮರ್ 65,536ಕ್ಕೇ ಸುತ್ತು ಮುಗಿಸಿ ಸೊನ್ನೆಗೆ ಬರುತ್ತದೆ. ಆ ಓವರ್‌ಫ್ಲೋ ಲೆಕ್ಕಕ್ಕೆ ಹಿಡಿಯದಿದ್ದರೆ ಉಳಿಯುವುದು 34,464. ಪರದೆ ಮೇಲೆ 150ರ ಬದಲು 435! ಪ್ರೀಸ್ಕೇಲರ್ 256 ಮಾಡಿ: 25,000 ಟಿಕ್, ಒಂದು ಟಿಕ್ ಆಚೀಚೆಯಾದರೂ ನಿಮಿಷಕ್ಕೆ ಒಂದು ಸುತ್ತಿನ ನೂರನೇ ಪಾಲೂ ತಪ್ಪುವುದಿಲ್ಲ. ವೇಗ ತುಂಬಾ ಜಾಸ್ತಿಯಿದ್ದು, ಸುತ್ತಿಗೆ ನೂರಾರು ಪಲ್ಸ್ ಕೊಡುವ ಎನ್‌ಕೋಡರ್ ಇದ್ದರೆ ಎಣಿಕೆಯೇ ಸಲೀಸು. ಅಲ್ಲಿ ಕ್ಯಾಪ್ಚರ್‌ಗೆ ಹಟ ಹಿಡಿಯಬೇಡಿ.

ಕ್ಯಾಪ್ಚರ್ ಪಿನ್‌ನ ನಾಯ್ಸ್ ಕ್ಯಾನ್ಸಲರ್ ಬಿಟ್ (ಹುಸಿ ಪಲ್ಸ್ ಸೋಸುವ ಸೆಟ್ಟಿಂಗ್) ಆನ್ ಮಾಡಿದರೆ ಮೋಟಾರ್ ಸ್ಟಾರ್ಟರ್‌ನ ಕಿರಿಕಿರಿ ಹೋಗುತ್ತದೆಂಬ ನಂಬಿಕೆಯೂ ಬೇಡ. ಅದು ನೋಡುವುದು ನಾಲ್ಕು ಕ್ಲಾಕ್ ಸೈಕಲ್, ಅಂದರೆ ಕಾಲು ಮೈಕ್ರೋಸೆಕೆಂಡ್. ಸ್ಟಾರ್ಟರ್ ಒಳಗಿನ ಕಾಂಟ್ಯಾಕ್ಟರ್ ಎಬ್ಬಿಸುವ ವಿದ್ಯುತ್ ಗದ್ದಲ ಅದಕ್ಕಿಂತ ಉದ್ದವಿದ್ದರೆ ಒಳಗೆ ನುಗ್ಗುತ್ತದೆ. ಸೆನ್ಸರ್ ಲೈನಿಗೆ ರೆಸಿಸ್ಟರ್, ಕೆಪಾಸಿಟರ್ ಫಿಲ್ಟರ್ ಹಾಕಿ.

ಮೋಟಾರ್ ನಿಂತರೆ ಎಡ್ಜ್ ಬರುವುದಿಲ್ಲ, ಕ್ಯಾಪ್ಚರೂ ಆಗುವುದಿಲ್ಲ. ಎರಡು ಸೆಕೆಂಡ್ ಎಡ್ಜ್ ಬರದಿದ್ದರೆ ವೇಗ ಸೊನ್ನೆ ಎಂದು ಕೋಡ್‌ನಲ್ಲಿ ನೀವೇ ಬರೆಯಬೇಕು. ಇಲ್ಲವಾದರೆ ಕರೆಂಟ್ ಹೋದ ಪಲ್ಪರ್ ಕೂಡ ಬ್ಯಾಟರಿ ಮೇಲಿನ ಮೀಟರ್‌ನಲ್ಲಿ 150ರಲ್ಲೇ ತಿರುಗುತ್ತಿರುತ್ತದೆ.