ರದ್ದಾದ ವಾರಂಟು ಠಾಣೆ ತಲುಪುವ ದಾರಿ

ಮಂಡ್ಯದ ನ್ಯಾಯಾಲಯದ ಆವರಣದಲ್ಲಿ ಇಪ್ಪತ್ತಾರು ವರ್ಷ ಕ್ರಿಮಿನಲ್ ಪ್ರಕರಣಗಳನ್ನು ನಡೆಸಿದ ಮೇಲೆ ಕಕ್ಷಿದಾರರ ಬಹುಪಾಲು ತಪ್ಪುಗಳನ್ನು ಸಹಿಸಿಕೊಳ್ಳುವುದು ನನಗೆ ಅಭ್ಯಾಸವಾಗಿದೆ. ವಾಯಿದೆಯ ದಿನ ಬೀಗರ ಊಟಕ್ಕೆ ಹೋಗಿ ಮರುದಿನ ಬಂದು ಕೈ ಮುಗಿಯುವವರನ್ನೂ, ಸಮನ್ಸ್ ತಂದ ಪೇದೆಗೆ ‘ಅಪ್ಪ ಊರಲ್ಲಿಲ್ಲ’ ಎಂದು ಮಕ್ಕಳ ಬಾಯಲ್ಲಿ ಹೇಳಿಸುವವರನ್ನೂ ಎರಡು ಮಾತು ಬೈದು ಸುಮ್ಮನಾಗುತ್ತೇನೆ. ಸಹಿಸಲಾಗದ್ದು ಒಂದೇ ಒಂದು. ನ್ಯಾಯಾಧೀಶರು ವಾರಂಟ್ ರದ್ದು ಎಂದು ಹೇಳಿದ ಕೂಡಲೇ, ಕೋರ್ಟಿನ ಒಂದು ತುಂಡು ಕಾಗದವೂ ಕೈಗೆ ಬರುವ ಮೊದಲೇ, ಊರಿನ ಬಸ್ಸು ಹತ್ತಿಬಿಡುವುದು.

ಮದ್ದೂರು ಕಡೆಯ ಆಲೆಮನೆ ಯಜಮಾನರೊಬ್ಬರ ಮೇಲೆ ಚೆಕ್ ಬೌನ್ಸ್ ಪ್ರಕರಣವಿತ್ತು. ಎರಡು ವಾಯಿದೆ ತಪ್ಪಿಸಿದ್ದಕ್ಕೆ ಜಾಮೀನುರಹಿತ ವಾರಂಟ್ ಹೊರಟಿತ್ತು. ಅವರನ್ನು ಕರೆತಂದು ಹಾಜರುಪಡಿಸಿ, ದಂಡ ಕಟ್ಟಿಸಿ, ವಾರಂಟ್ ರದ್ದು ಮಾಡಿಸಿದೆ. ವಾರಂಟ್ ರದ್ದಾಗಿದೆ, ವಾಪಸು ಕಳುಹಿಸಿ ಎಂದು ಕೋರ್ಟು ಠಾಣೆಗೆ ಬರೆಯುವ ರೀಕಾಲ್ ಮೆಮೋಗೆ ಸಹಿಯಾಗುವವರೆಗೆ ಇರಿ ಎಂದರೆ, ‘ಜಡ್ಜ್ ಸಾಹೇಬ್ರೇ ರದ್ದು ಅಂದ್ಮ್ಯಾಕೆ ಇನ್ಯಾವ ಕಾಗ್ದ ಸಾ? ಅಲ್ಲಿ ಗಾಣ ನಿಂತದೆ’ ಎಂದು ಹೊರಟೇಬಿಟ್ಟರು. ಹನ್ನೊಂದನೆಯ ದಿನ, ಎರಡನೇ ಶನಿವಾರದ ಹಿಂದಿನ ರಾತ್ರಿ, ಕೊಪ್ಪರಿಗೆಯಲ್ಲಿ ಪಾಕ ಹದಕ್ಕೆ ಬರುವ ಹೊತ್ತಿಗೆ ಇಬ್ಬರು ಪೇದೆಗಳು ಅದೇ ವಾರಂಟ್ ಹಿಡಿದು ಆಲೆಮನೆಯ ಬಾಗಿಲಿಗೆ ಬಂದರು. ಯಜಮಾನರು ರದ್ದಾಗಿದೆ ಎಂದರು, ಪೇದೆಗಳು ‘ನಮಗೆ ಬಂದಿಲ್ಲ’ ಎಂದರು. ಎರಡು ಮಾತೂ ನಿಜವೇ. ವಾದ ಮುಗಿಯುವಷ್ಟರಲ್ಲಿ ಪಾಕ ಸೀದುಹೋಗಿತ್ತು. ಯಜಮಾನರು ರಾತ್ರಿಯನ್ನು ಠಾಣೆಯ ಬೆಂಚಿನ ಮೇಲೆ ಕಳೆದು, ಬೆಳಿಗ್ಗೆ ಪ್ರಭಾರ ನ್ಯಾಯಾಧೀಶರ ಮನೆಯಂಗಳದಲ್ಲಿ ನಿಂತಿದ್ದರು. ಕಡತವೆಲ್ಲ ಬೀಗ ಹಾಕಿದ ಕಚೇರಿಯೊಳಗಿತ್ತು. ನನ್ನ ಡೈರಿಯ ಬರಹ ಮತ್ತು ಮೊಬೈಲಿನಲ್ಲಿ ಕಾಣುತ್ತಿದ್ದ ಪ್ರಕರಣದ ಸ್ಥಿತಿಯನ್ನು ನೋಡಿ ನ್ಯಾಯಾಧೀಶರು ಮುಚ್ಚಳಿಕೆಯ ಮೇಲೆ ಬಿಟ್ಟರು. ಬೇರೆ ದಿನವಾಗಿದ್ದರೆ, ಬೇರೆ ನ್ಯಾಯಾಧೀಶರಾಗಿದ್ದರೆ ಏನಾಗುತ್ತಿತ್ತೋ ಹೇಳಲಾರೆ.

ವಾರಂಟ್ ರದ್ದು ಮಾಡುವ ಅಧಿಕಾರ ಯಾರದು, ಅರ್ಜಿ ಹೇಗಿರಬೇಕು ಎಂಬುದನ್ನೆಲ್ಲ ನಿಮ್ಮ ವಕೀಲರು ನೋಡಿಕೊಳ್ಳುತ್ತಾರೆ. ನಾನು ಹಿಡಿದು ಹೇಳಬೇಕಾದದ್ದು ಬೇರೆಯೇ ಇದೆ, ಅದನ್ನು ಮೂರು ಬಾರಿ ಹೇಳಿದರೂ ಕಡಿಮೆಯೇ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 72ನೇ ಕಲಮಿನ ಪ್ರಕಾರ ವಾರಂಟ್ ಜಾರಿಯಾಗುವವರೆಗೆ ಅಥವಾ ಅದನ್ನು ಹೊರಡಿಸಿದ ನ್ಯಾಯಾಲಯವೇ ರದ್ದು ಮಾಡುವವರೆಗೆ ಜೀವಂತವಾಗಿರುತ್ತದೆ. ಅದಕ್ಕೂ ಮೊದಲಿದ್ದ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ ಇದೇ ಇತ್ತು. ಆದರೆ ನ್ಯಾಯಾಧೀಶರು ರದ್ದು ಮಾಡಿದ್ದು ಆರ್ಡರ್ ಶೀಟಿನ ಮೇಲೆ, ತಮ್ಮ ಮೇಜಿನ ಮೇಲಿರುವ ಕಡತದಲ್ಲಿ. ನಿಮ್ಮನ್ನು ಹಿಡಿಯಲು ಹೊರಟ ಕಾಗದ ಆ ಕಡತದಲ್ಲಿಲ್ಲ. ಅದು ವಾರಗಳ ಹಿಂದೆಯೇ ಕೋರ್ಟಿನ ತಪಾಲಿನಿಂದ ಹೊರಟು, ಠಾಣೆಯ ವಾರಂಟ್ ರಿಜಿಸ್ಟರಿನಲ್ಲಿ ದಾಖಲಾಗಿ, ಅಲ್ಲಿಂದ ಒಬ್ಬ ಪೇದೆಯ ಹೆಸರಿಗೆ ಬರೆಯಲ್ಪಟ್ಟು, ಅವರ ಅಂಗಿಯ ಜೇಬಿನಲ್ಲೋ ಬೈಕಿನ ಡಿಕ್ಕಿಯಲ್ಲೋ ಇದೆ. ಆ ಪೇದೆ ದಸರಾ ಬಂದೋಬಸ್ತಿಗೆ ಮೈಸೂರಿಗೆ ಹೋಗಿರಬಹುದು, ಕಾವೇರಿ ಗಲಾಟೆ ಎದ್ದರೆ ಕೆ.ಆರ್.ಎಸ್. ಗೇಟಿನ ಬಳಿ ನಿಂತಿರಬಹುದು, ವರ್ಗವೇ ಆಗಿ ಹೋಗಿರಬಹುದು. ರದ್ದಾದ ಸುದ್ದಿ ಹೊರಟ ಕಾಗದದ ಹೆಜ್ಜೆಯನ್ನೇ ಹಿಡಿದು, ಅಷ್ಟೂ ಕೈಗಳನ್ನು ದಾಟಿ, ಆ ಕಾಗದ ಹಿಡಿದಿರುವವರ ಕಿವಿಗೆ ಬೀಳಬೇಕು. ಅಲ್ಲಿಯವರೆಗೆ ಕಾನೂನಿನಲ್ಲಿ ಸತ್ತ ವಾರಂಟ್ ಜೇಬಿನಲ್ಲಿ ಬದುಕಿಯೇ ಇರುತ್ತದೆ.

ಆರೋಪಿಯ ಮನೆ ಬೇರೆ ಜಿಲ್ಲೆಯಲ್ಲಿದ್ದರೆ ದಾರಿ ಇನ್ನೂ ಉದ್ದವಾಗುತ್ತದೆ. ಮಂಡ್ಯದ ಕೋರ್ಟಿನ ವಾರಂಟ್ ಮೈಸೂರು ನಗರದವರಿಗಾದರೆ ನಗರ ಪೊಲೀಸ್ ಆಯುಕ್ತರ ಕಚೇರಿಯ ಮೂಲಕ ಹೋಗಬಹುದು. ನಂಜನಗೂಡು, ಹುಣಸೂರಿನವರಿಗಾದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳ ಕಚೇರಿಯ ಮೂಲಕ. ಹೊರಗಿನವರಿಗೆ ಎರಡೂ ‘ಮೈಸೂರು ಪೊಲೀಸ್’. ಒಳಗೆ ಅವು ಬೇರೆ ಬೇರೆ ತಪಾಲು, ಬೇರೆ ಬೇರೆ ರಿಜಿಸ್ಟರು. ರೀಕಾಲ್ ಮೆಮೋ ತಪ್ಪಿ ಇನ್ನೊಂದು ಕಚೇರಿಗೆ ಹೋಯಿತೆಂದರೆ ಅದು ಮರಳಿ ಬರುವುದನ್ನು ಕಾಯುವುದು ವ್ಯರ್ಥ.

ಒಂದು ಅಸಮಾನತೆಯನ್ನೂ ಗಮನಿಸಬೇಕು. ವಾರಂಟಿಗೆ ಬಂಧುಬಳಗವಿದೆ. ಚೆಕ್ಕಿನ ಹಣ ಬರಬೇಕಾದ ದೂರುದಾರರು ಅದರ ಬೆನ್ನು ಹತ್ತಿ ಠಾಣೆಗೆ ಹೋಗುತ್ತಾರೆ, ಆರೋಪಿ ಎಲ್ಲಿ ಸಿಗುತ್ತಾನೆಂದು ಪೇದೆಗೆ ಫೋನ್ ಮಾಡುತ್ತಾರೆ. ಜಾರಿಯಾಗದ ವಾರಂಟುಗಳ ಲೆಕ್ಕವನ್ನು ಮೇಲಧಿಕಾರಿಗಳು ಸಭೆಯಲ್ಲಿ ಕೇಳುತ್ತಾರೆ. ರೀಕಾಲ್ ಮೆಮೋ ಅನಾಥ. ಅದನ್ನು ಬೇಗ ತಲುಪಿಸಿದ ಪೇದೆಗೆ ಶಹಬ್ಬಾಸ್ ಎಂದವರನ್ನು ನಾನು ಕಂಡಿಲ್ಲ. ಅದರ ಮೇಲೆ ಆಸ್ಥೆ ಇರಬೇಕಾದ ಒಬ್ಬರೇ ವ್ಯಕ್ತಿ ಆಗಲೇ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದಿರುತ್ತಾರೆ.

ಇದನ್ನೆಲ್ಲ ಪೇದೆಗಳ ಮೇಲಿನ ದೂರೆಂದು ಓದಬಾರದು. ಠಾಣೆಗೂ ಕೋರ್ಟಿಗೂ ನಡುವಿನ ಸೇತುವೆಯೆಂದರೆ ಕೋರ್ಟ್ ಡ್ಯೂಟಿಯ ಪೇದೆ. ಬೆಳಿಗ್ಗೆ ಹೆಗಲಿಗೆ ಚೀಲ ಹಾಕಿಕೊಂಡು ಬರುವ ಅವರಲ್ಲಿ ಹಲವರನ್ನು ನಾನು ವರ್ಷಗಳಿಂದ ಬಲ್ಲೆ. ಒಮ್ಮೆ ಒಬ್ಬರು ಚೀಲ ಬಿಚ್ಚಿ ತೋರಿಸಿದರು: ಸಾಕ್ಷಿ ಸಮನ್ಸುಗಳಿಗೆ ಒಂದು ರಬ್ಬರ್ ಬ್ಯಾಂಡ್, ವಾರಂಟುಗಳಿಗೆ ಇನ್ನೊಂದು, ಗಾಯದ ಪ್ರಮಾಣಪತ್ರಕ್ಕಾಗಿ ಆಸ್ಪತ್ರೆಗೆ ಬರೆದ ಪತ್ರ, ಸಹಾಯಕ ಸರ್ಕಾರಿ ಅಭಿಯೋಜಕರು ಕೇಳಿದ ಮಹಜರಿನ ನಕಲು, ತಳದಲ್ಲಿ ತಿಂಡಿಯ ಡಬ್ಬಿ. ಇಷ್ಟು ಕಾಗದ ಹೊತ್ತು, ಮೂರು ಕೋರ್ಟು ಹಾಲುಗಳ ನಡುವೆ ಓಡಾಡುವವರು ಒಂದು ಮೆಮೋ ಮರೆತರೆ ಅವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ.

ಆಲೆಮನೆ ಯಜಮಾನರ ವಿಷಯದಲ್ಲಿ ಮೆಮೋವನ್ನು ಯಾರೂ ಮರೆತಿರಲಿಲ್ಲ. ವಿಚಾರಿಸಿದಾಗ ಗೊತ್ತಾದದ್ದು: ಅದು ನಾಲ್ಕನೆಯ ದಿನವೇ ಠಾಣೆ ತಲುಪಿತ್ತು. ಪ್ರಕರಣದ ಸಂಖ್ಯೆಯಲ್ಲಿ ಎರಡು ಅಂಕಿಗಳು ಅಕ್ಕಪಕ್ಕ ಬದಲಾಗಿದ್ದವು. ರಿಜಿಸ್ಟರಿನಲ್ಲಿ ಆ ಸಂಖ್ಯೆ ಸಿಗದ ಕಾರಣ ದಫೇದಾರರು ‘ಕೋರ್ಟಿನಲ್ಲಿ ಕೇಳೋಣ’ ಎಂದು ಮೆಮೋವನ್ನು ರಿಜಿಸ್ಟರಿನ ಕೊನೆಯ ಪುಟದಲ್ಲಿ ಸಿಕ್ಕಿಸಿಟ್ಟಿದ್ದರು. ಹೆಸರು, ಊರು ಎಲ್ಲ ಸರಿಯಿದ್ದವು. ಹಾಗಾದರೂ ಅವರು ಏಕೆ ಮುಂದುವರಿಯಲಿಲ್ಲ? ಹೊಂದಿಕೆಯಾಗದ ಕಾಗದ ನಂಬಿ ಒಬ್ಬರನ್ನು ಬಿಟ್ಟರೆ ನೌಕರಿಗೆ ಕುತ್ತು ಬರಬಹುದು. ಅದನ್ನು ತೆಗೆದಿಟ್ಟರೆ ಯಾರೂ ಕೇಳುವುದಿಲ್ಲ.

ಇದು ನಮ್ಮ ತಾಲ್ಲೂಕಿನ ಠಾಣೆಯ ಕಾಯಿಲೆ ಮಾತ್ರವಲ್ಲ. ಉತ್ತರ ಪ್ರದೇಶದ ಗಾಜಿಯಾಬಾದ್ ಜೈಲಿನಲ್ಲಿದ್ದ ಒಬ್ಬರಿಗೆ ಸುಪ್ರೀಂ ಕೋರ್ಟೇ 2025ರ ಏಪ್ರಿಲ್ 29ರಂದು ಜಾಮೀನು ಕೊಟ್ಟಿತ್ತು. ಆದೇಶದಲ್ಲಿ ಕಲಮಿನ ಒಂದು ಉಪಕಲಂ ನಮೂದಾಗಿಲ್ಲವೆಂಬ ಕಾರಣಕ್ಕೆ ಜೈಲಿನವರು ಬಿಡಲಿಲ್ಲ. ಅವರು ಹೊರಬಂದದ್ದು ಜೂನ್ 24ರಂದು. ಮರುದಿನವೇ ಸುಪ್ರೀಂ ಕೋರ್ಟು ಐದು ಲಕ್ಷ ರೂಪಾಯಿ ಮಧ್ಯಂತರ ಪರಿಹಾರ ಕೊಡುವಂತೆ ಆ ರಾಜ್ಯಕ್ಕೆ ಆದೇಶಿಸಿತು. ಆಲೆಮನೆಯ ಪಾಕಕ್ಕೆ ಯಾರೂ ಪರಿಹಾರ ಕೊಡಲಿಲ್ಲ, ಕೇಳುವ ಉತ್ಸಾಹ ಯಜಮಾನರಿಗೂ ಇರಲಿಲ್ಲ.

ರದ್ದಾದ ವಾರಂಟಿನ ಮೇಲೆ ಬಂಧನವಾದ ಪ್ರಸಂಗ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಮುಂಬೈಯ ವಕೀಲರೊಬ್ಬರ ವಾರಂಟ್ 2002ರ ಆಗಸ್ಟ್ 12ರಂದು ರದ್ದಾಗಿತ್ತು. ಆಗಸ್ಟ್ 15ರಂದು, ನ್ಯಾಯಾಲಯಕ್ಕೆ ರಜೆಯಿದ್ದ ಸ್ವಾತಂತ್ರ್ಯ ದಿನದಂದೇ, ಪೊಲೀಸರು ಅವರನ್ನು ಬಂಧಿಸಿದರು. 2011ರ ಸೆಪ್ಟೆಂಬರಿನಲ್ಲಿ ಕೊಟ್ಟ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ವಾರಂಟುಗಳಿಗೆ ಪ್ರತ್ಯೇಕ ರಿಜಿಸ್ಟರ್ ಇಡಬೇಕು, ರದ್ದಾದರೆ ಅದರ ಪ್ರತಿಯನ್ನು ಸಂಬಂಧಪಟ್ಟ ಅಧಿಕಾರಿಗೆ ಕಳುಹಿಸಿ ಮೂಲ ವಾರಂಟನ್ನು ಕೂಡಲೇ ವಾಪಸು ತರಿಸಬೇಕು, ರದ್ದತಿ ಆದೇಶದ ಒಂದು ಪ್ರತಿಯನ್ನು ಆರೋಪಿಗೂ ಕೊಡಬೇಕು ಎಂದು ಹೇಳಿದೆ. ಕೊನೆಯ ಮಾತನ್ನು ಗಮನಿಸಿ. ಆ ಪ್ರತಿ ನಿಮಗೆ ಸಲ್ಲಬೇಕಾದದ್ದು. ಯಾರೋ ಮಾಡುವ ಉಪಕಾರವಲ್ಲ.

‘ಎಲ್ಲ ಕಂಪ್ಯೂಟರ್ ಆಗಿದೆಯಲ್ಲ ಸಾರ್’ ಎಂದು ಈಗಿನ ಹುಡುಗರು ಕೇಳುತ್ತಾರೆ. ಆಗಿದೆ. ಪೊಲೀಸು, ನ್ಯಾಯಾಲಯ, ಜೈಲು, ವಿಧಿವಿಜ್ಞಾನ ಪ್ರಯೋಗಾಲಯ, ಅಭಿಯೋಜನೆ ಈ ಐದನ್ನೂ ಒಂದೇ ಜಾಲಕ್ಕೆ ಜೋಡಿಸುವ ಕೆಲಸ ನಡೆದಿದೆ. ಸುಪ್ರೀಂ ಕೋರ್ಟಿನ ಆದೇಶಗಳನ್ನು ವಿದ್ಯುನ್ಮಾನವಾಗಿ ರವಾನಿಸುವ ‘ಫಾಸ್ಟರ್’ ವ್ಯವಸ್ಥೆ 2022ರ ಮಾರ್ಚ್ 31ರಂದು ಉದ್ಘಾಟನೆಯಾಯಿತು. ಜಾಮೀನು ಆದೇಶದ ಪ್ರತಿಯನ್ನು ಅದೇ ದಿನ ಅಥವಾ ಮರುದಿನ ಇ-ಮೇಲ್ ಮೂಲಕ ಜೈಲಿಗೆ ಕಳುಹಿಸಬೇಕೆಂದು 2023ರ ಜನವರಿಯಲ್ಲಿ ಅದೇ ನ್ಯಾಯಾಲಯ ನಿರ್ದೇಶಿಸಿದೆ. ಇವುಗಳಿಂದ ಅನುಕೂಲವಾಗಿದೆ ಎಂದು ಒಪ್ಪುತ್ತೇನೆ. ಆದರೆ ರಾತ್ರಿ ಹತ್ತು ಗಂಟೆಗೆ ನಿಮ್ಮ ಬಾಗಿಲಲ್ಲಿ ನಿಂತ ಪೇದೆಯ ಕೈಯಲ್ಲಿರುವುದು ಸಹಿ, ಮೊಹರು ಇರುವ ಕಾಗದ. ಅದನ್ನು ನಿಮ್ಮ ಮೊಬೈಲಿನ ಒಂದು ಸಾಲು ಗೆಲ್ಲಬಹುದು, ಸೋಲಲೂಬಹುದು.

ಇಲ್ಲಿ ಬರೆದಿರುವುದು ಸಾಮಾನ್ಯ ಅನುಭವ. ಒಂದೊಂದು ನ್ಯಾಯಾಲಯದ ಕಚೇರಿ ಪದ್ಧತಿ ಒಂದೊಂದು ರೀತಿ ಇರುವುದರಿಂದ ನಿಮ್ಮ ಪ್ರಕರಣದಲ್ಲಿ ನಿಮ್ಮ ವಕೀಲರು ಹೇಳಿದಂತೆ ನಡೆಯುವುದೇ ಸರಿ. ನನ್ನ ಕಚೇರಿಯ ಪದ್ಧತಿಯನ್ನಷ್ಟೇ ಹೇಳುತ್ತೇನೆ. ವಾರಂಟ್ ರದ್ದಾದ ದಿನವೇ ಆರ್ಡರ್ ಶೀಟಿನ ದೃಢೀಕೃತ ನಕಲಿಗೆ ಅರ್ಜಿ ಹಾಕುತ್ತೇವೆ. ರೀಕಾಲ್ ಮೆಮೋಗೆ ಸಹಿಯಾಗುವ ಮೊದಲು ಪ್ರಕರಣದ ಸಂಖ್ಯೆ, ತಂದೆಯ ಹೆಸರು, ಠಾಣೆಯ ಹೆಸರು ಮೂರನ್ನೂ ಗುಮಾಸ್ತರು ಬೆರಳಿಟ್ಟು ಓದುತ್ತಾರೆ. ಬಳಿಕ ಅದರ ಪ್ರತಿಯನ್ನು ಠಾಣೆಗೆ ಒಯ್ದು ಕೊಟ್ಟು, ನಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಮತ್ತು ತಾರೀಖು ಹಾಕಿಸಿಕೊಂಡು ಬರುತ್ತಾರೆ. ಠಾಣಾಧಿಕಾರಿಗೆ ಬಾಯಿಮಾತಿನಲ್ಲಿ ಹೇಳಿ ಬರುವುದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ರಾತ್ರಿ ಪಾಳಿಗೆ ಬರುವವರು ಬೇರೆ. ಮೊಹರು ಬಿದ್ದ ಆ ಪ್ರತಿ ಕಕ್ಷಿದಾರರ ಕೈ ಸೇರಿದ ಮೇಲೆ, ವಾರಂಟ್ ತಂದವರಿಗೆ ಅದನ್ನು ತೋರಿಸಿ, ಠಾಣೆಗೆ ಒಂದು ಫೋನ್ ಮಾಡಿಸಿ ಎಂದು ಮರ್ಯಾದೆಯಿಂದ ಕೇಳಬಹುದು. ಕೂಗಾಡಿದರೆ ಇನ್ನೊಂದು ಪ್ರಕರಣ ಸೇರಿಕೊಳ್ಳುತ್ತದೆ.

ಶುಕ್ರವಾರ ರದ್ದಾದ ವಾರಂಟುಗಳಿಗೆ ಗುಮಾಸ್ತರನ್ನು ಅದೇ ಸಂಜೆ ಠಾಣೆಗೆ ಕಳುಹಿಸುತ್ತೇನೆ. ಹೋಗಿ ಬರುವ ಬಸ್ ಚಾರ್ಜನ್ನು ಕಕ್ಷಿದಾರರಿಂದ ಬೇರೆಯಾಗಿ ಪಡೆಯುತ್ತೇನೆ. ನನ್ನ ಫೀಜಿಗೆ ಎದುರಾಡದವರೂ ಆ ಬಸ್ ಚಾರ್ಜಿಗೆ ಚೌಕಾಸಿ ಮಾಡುತ್ತಾರೆ.