ಪುಸ್ತಕದಲ್ಲಿರಲಿ, ಬಾಯಲ್ಲಿ ಬೇಡ

ಒಂಬತ್ತನೇ ತರಗತಿಗೆ ಶಿವರಾಮ ಕಾರಂತರ ಕಾದಂಬರಿ 'ಚೋಮನ ದುಡಿ' ಓದಿಸಲು ಹೊರಟ ಮೊದಲ ವರ್ಷವೇ ನಾನು ಒಂದು ತಪ್ಪು ಮಾಡಿದೆ. ಗದ್ದೆಗಾಗಿ ಹಂಬಲಿಸುವ ಅಸ್ಪೃಶ್ಯ ಜೀತದಾಳು ಚೋಮನ ಕತೆ ಅದು. ಕುಮಟಾ ಕಡೆಯ ಶಾಲೆ, ಜುಲೈ ತಿಂಗಳು. ಹಂಚಿನ ಮೇಲೆ ಮಳೆ ಬೀಳುವ ಸದ್ದಿಗೆ ನನ್ನ ದನಿ ಹಿಂದಿನ ಬೆಂಚಿಗೆ ಕೇಳುತ್ತಿರಲಿಲ್ಲ. ದೊಡ್ಡ ದನಿಯ ಹುಡುಗನೊಬ್ಬನನ್ನು ನಿಲ್ಲಿಸಿ ಓದು ಅಂದೆ. ಸ್ವಲ್ಪ ಹೊತ್ತಿಗೆ ಚೋಮನ ಜಾತಿಯ ಹೆಸರು ಬಂತು. ಓದಿದ. ಇಡೀ ತರಗತಿ ತಿರುಗಿ ಕಿಟಕಿ ಪಕ್ಕ ಕೂತಿದ್ದ ಒಬ್ಬನನ್ನು ನೋಡಿತು. ಯಾರೂ ನಗಲಿಲ್ಲ. ನೋಡಿದರು, ಅಷ್ಟೇ. ಮರುದಿನ ಅವನು ಬರಲಿಲ್ಲ. ಮಳೆ ಜೋರಿತ್ತಲ್ಲ ಅಂತ ನನಗೆ ನಾನೇ ಹೇಳಿಕೊಂಡೆ.

ವಿವಾದದ ಕಾದಂಬರಿಗಳನ್ನು ಹೈಸ್ಕೂಲಿನಲ್ಲಿ ಕಲಿಸಬೇಕಾ ಅಂತ ಯಾರಾದರೂ ಕೇಳಿದಾಗ ನನಗೆ ನೆನಪಾಗುವುದು ಆ ಕಿಟಕಿ. ಕಲಿಸಬೇಕು ಅನ್ನುವವಳೇ ನಾನು. ಆದರೆ ಈ ಜಗಳದಲ್ಲಿ ಆ ಹುಡುಗನ ಸುದ್ದಿ ಬರುವುದೇ ಇಲ್ಲ. 2022ರಲ್ಲಿ ಪಠ್ಯಪುಸ್ತಕ ಪರಿಷ್ಕರಣೆಯ ಗಲಾಟೆ ಆಯಿತು. ತಮ್ಮ ಪಾಠ ಕೈಬಿಡಿ ಎಂದು ಕೆಲವು ಲೇಖಕರೇ ಸರ್ಕಾರಕ್ಕೆ ಬರೆದರು. ಯಾವ ಪಾಠ ಒಳಗೆ, ಯಾವುದು ಹೊರಗೆ ಅಂತ ಎಲ್ಲರೂ ಮಾತಾಡಿದರು. ಒಳಗಿರುವ ಪಾಠವನ್ನು ಒಂದು ಪೀರಿಯಡ್‌ನಲ್ಲಿ ಹೇಗೆ ಮಾಡುತ್ತೀರಿ ಅಂತ ನನ್ನನ್ನಂತೂ ಯಾರೂ ಕೇಳಲಿಲ್ಲ.

ಅಮೆರಿಕದಲ್ಲೂ ಇದೇ ಪೇಚು. ಮಾರ್ಕ್ ಟ್ವೇನ್ ಬರೆದ 'ಹಕಲ್‌ಬೆರಿ ಫಿನ್' ಗುಲಾಮಗಿರಿಯನ್ನು ಗೇಲಿ ಮಾಡುವ ಪುಸ್ತಕ. ಆದರೆ ಕಪ್ಪು ಜನರನ್ನು ಹೀಯಾಳಿಸುವ ಒಂದು ಪದ ಅದರಲ್ಲಿ 200ಕ್ಕೂ ಹೆಚ್ಚು ಸಲ ಬರುತ್ತದೆ. 2011ರಲ್ಲಿ ಒಂದು ಪ್ರಕಾಶನ ಆ ಪದ ತೆಗೆದು 'ಗುಲಾಮ' ಅಂತ ಹಾಕಿ ಅಚ್ಚು ಮಾಡಿತು. ನನಗೆ ಅದು ಸರಿ ಕಾಣಲಿಲ್ಲ. ಬೈಗುಳ ಅಳಿಸಿದರೆ ಬೈದವನೂ ತಪ್ಪಿಸಿಕೊಳ್ಳುತ್ತಾನೆ.

ಹಾಗಾಗಿ ನಾನು ಪುಸ್ತಕ ಮುಟ್ಟುವುದಿಲ್ಲ, ಓದುವ ಕ್ರಮ ಬದಲಾಯಿಸಿದ್ದೇನೆ. ಈಗ ಗಟ್ಟಿಯಾಗಿ ಓದುವವಳು ನಾನೊಬ್ಬಳೇ. ಆ ಪದ ಬಂದಲ್ಲಿ 'ಚೋಮ' ಅಂತ ಓದಿ ಮುಂದೆ ಹೋಗುತ್ತೇನೆ. ಮಕ್ಕಳ ಕಣ್ಣು ಪುಟದ ಮೇಲಿರುತ್ತದೆ, ಪದ ಅವರಿಗೆ ಕಾಣುತ್ತದೆ, ಕಿವಿಗೆ ಮಾತ್ರ ಬೀಳುವುದಿಲ್ಲ. ಪುಸ್ತಕ ತೆರೆಯುವ ಹಿಂದಿನ ದಿನ ಒಂದು ಪೀರಿಯಡ್ ಬೇರೆ ಇಡುತ್ತೇನೆ. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ ತೆಗೆದುಹಾಕಿದೆ ಅನ್ನುವುದು ಸಮಾಜ ವಿಜ್ಞಾನದಲ್ಲಿ ಬಾಯಿಪಾಠ ಆಗಿರುತ್ತದೆ. ಜಾತಿ ಹೆಸರು ಹಿಡಿದು ನಾಲ್ಕು ಜನರ ಮುಂದೆ ಅವಮಾನ ಮಾಡಿದರೆ ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆಯಲ್ಲಿ ಕೇಸು ಆಗುತ್ತದೆ ಅಂದಾಗ ಮಾತ್ರ ತಲೆ ಎತ್ತುತ್ತಾರೆ.

ಇಡೀ ಕಾದಂಬರಿ ಓದಬೇಕು, ತುಂಡು ಬೇಡ. ಇದರಲ್ಲಿ ನಾನು ಹಟಮಾರಿ. ಪಠ್ಯದಲ್ಲಿ ಕಾದಂಬರಿ ಬರುವುದೇ ತುಂಡಾಗಿ. ವಿರೋಧ ಮಾಡುವವರೂ ಓದುವುದು ಒಂದು ಪುಟ, ಪಾಠ ಮಾಡುವ ನಾವೂ ಮಾಡುವುದು ನಾಲ್ಕು ಪುಟ. ಇದರಲ್ಲಿ ಯಾರು ವಾಸಿ? 'ಚೋಮನ ದುಡಿ' ಸಣ್ಣ ಪುಸ್ತಕ. ವಾರಕ್ಕೊಂದು ಪೀರಿಯಡ್ ಇಟ್ಟರೆ ದಸರಾ ರಜೆಯೊಳಗೆ ಮುಗಿಯುತ್ತದೆ, ಮಳೆ ರಜೆ ಜಾಸ್ತಿ ಸಿಗದಿದ್ದರೆ! ಅಂಕ ಇಲ್ಲ, ಪ್ರಶ್ನೆಪತ್ರಿಕೆ ಇಲ್ಲ.

ಓದಿ ಮುಗಿದ ಮೇಲೆ ತಾಳಮದ್ದಲೆ, ಅಂದರೆ ವೇಷ ಕಟ್ಟದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ನಮ್ಮ ಕಡೆಯ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಿಲ್ಲ. 'ವಾಲಿವಧೆ'ಯಲ್ಲಿ ವಾಲಿ, ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ ಅಂತ ರಾಮನನ್ನೇ ನಿಲ್ಲಿಸಿ ಕೇಳುತ್ತಾನೆ. ಜನ ತಲೆದೂಗುತ್ತಾರೆ, ಮನೆಗೆ ಹೋಗಿ ರಾಮನಿಗೇ ಕೈಮುಗಿಯುತ್ತಾರೆ. ತರಗತಿಯಲ್ಲಿ ಚೀಟಿ ಎತ್ತಿ ಪಾತ್ರ ಹಂಚುತ್ತೇನೆ. ಯಾರ ಪಾಲಿಗೆ ಯಾವ ಪಾತ್ರ ಬರಬೇಕು ಅಂತ ನಾನು ಆರಿಸಿದರೆ ಮತ್ತೆ ಕಿಟಕಿಯ ಕತೆಯೇ. ಒಂದು ವರ್ಷ ಧಣಿ ಸಂಕಪ್ಪಯ್ಯನ ಚೀಟಿ ಸಿಕ್ಕ ಹುಡುಗಿ, "ನಾ ಗದ್ದೆ ಕೊಡ್ತಿದ್ದೆ ಚೋಮ, ಅಮ್ಮ ಬೇಡ ಅಂತಾಳೆ" ಅಂದಳು. ಎಲ್ಲರೂ ನಕ್ಕರು. ಚೋಮನಾಗಿದ್ದವನು ನಗಲಿಲ್ಲ. "ಹಾಗಾರೆ ಅಮ್ಮನ್ನ ಕರೀರಿ" ಅಂದ.

ಪಾಲಕರ ಸಭೆಯಲ್ಲಿ ಒಬ್ಬ ತಾಯಿ ಬೇರೆ ವಿಷಯ ತೆಗೆದರು. ಚೋಮನ ಮಗಳು ಬೆಳ್ಳಿ ಸಾಲ ತೀರಿಸಲು ಘಟ್ಟದ ತೋಟಕ್ಕೆ ಹೋಗಿ ಅಲ್ಲಿ ಮನ್ವೇಲನ ಕೈಗೆ ಸಿಕ್ಕುವ ಕತೆ. "ಅಕ್ಕೋರೇ, ಹೆಣ್ಣು ಮಕ್ಕಳಿಗೆ ಅದೆಲ್ಲ ಯಾಕೆ?" ಕೀಚಕ ವಧೆಯ ಯಕ್ಷಗಾನಕ್ಕೆ ಮಗಳನ್ನು ಕರೆದುಕೊಂಡು ಹೋಗುವುದಿಲ್ವಾ ಅಂದೆ. "ಅಲ್ಲಿ ನಾವು ಜೊತೆಗೆ ಕೂತಿರ್ತೇವಲ್ಲ" ಅಂದರು. ಆ ಮಾತಿಗೆ ನಾನು ಸೋತೆ. ಅಂದಿನಿಂದ ಬೆಳ್ಳಿಯ ಭಾಗವನ್ನು ಮನೆಯಲ್ಲಿ ಓದಿಕೊಂಡು ಬನ್ನಿ ಅಂತ ಬಿಡುವುದಿಲ್ಲ.

ಈಚೆಗೆ ಶಿರಸಿ ಕಡೆಯ ಹೊಸ ಮಾಸ್ತರೊಬ್ಬರು ಅನಂತಮೂರ್ತಿಯವರ ಕಾದಂಬರಿ 'ಸಂಸ್ಕಾರ' ಓದಿಸಲಾ ಅಂತ ಫೋನ್ ಮಾಡಿದ್ದರು. ಹೈಸ್ಕೂಲಿಗೆ ಬೇಡ ಅಂದೆ. ಅದರ ಸಿನಿಮಾವನ್ನು ಮದ್ರಾಸಿನ ಸೆನ್ಸಾರ್ ಮಂಡಳಿ ತಡೆದಿತ್ತು ಅನ್ನುವ ಹೆದರಿಕೆಯಿಂದಲ್ಲ. ಅದರ ನಾಯಕ ಪ್ರಾಣೇಶಾಚಾರ್ಯರ ಸಂಕಟ, ಓದಿದ ಶಾಸ್ತ್ರವೆಲ್ಲ ಕೈಕೊಟ್ಟವನ ಸಂಕಟ. ಹದಿನಾಲ್ಕರ ಮಕ್ಕಳಿಗೆ ಕೈಕೊಡಲು ಇನ್ನೂ ಶಾಸ್ತ್ರವೇ ಇಲ್ಲ. ಅವರಿಗೆ ಆಚಾರ್ಯರು ಚಂದ್ರಿಯನ್ನು ಕೂಡುವ ಪುಟವೊಂದೇ ನೆನಪಿರುತ್ತದೆ. ಪಿಯುಸಿಗೆ ಬರಲಿ, ಆಮೇಲೆ ನೋಡೋಣ.

ಚೋಮ ಹಾಗಲ್ಲ. ಅವನಿಗೆ ಬೇಕಾದದ್ದು ಒಂದು ತುಂಡು ಗದ್ದೆ. 1974ರ ಭೂಸುಧಾರಣೆ ಕಾಯ್ದೆ ಬಂದಾಗ, ಗೇಣಿಗೆ ಉಳುತ್ತಿದ್ದ ಭೂಮಿ ತಮಗೆ ಕೊಡಿ ಎಂದು ಡಿಕ್ಲರೇಶನ್ ಹಾಕಿ ಗದ್ದೆ ಪಡೆದ ಅಜ್ಜಂದಿರ ಮೊಮ್ಮಕ್ಕಳು ನನ್ನ ತರಗತಿಯಲ್ಲಿದ್ದಾರೆ. ಗದ್ದೆ ಕಳೆದುಕೊಂಡವರ ಮೊಮ್ಮಕ್ಕಳೂ ಇದ್ದಾರೆ, ಅದೇ ಬೆಂಚಿನಲ್ಲಿ.