ಗುಂಡು ಬಡಿದಾಗ ಸ್ಟೀಲ್ ಬೇರೆ ಥರ ಆಡತ್ತೆ

ಸ್ಟೀಲ್ ಸರಳನ್ನ ಮೆಷಿನ್‌ಗೆ ಕಚ್ಚಿಸಿ ನಿಧಾನಕ್ಕೆ ಎಳೆದ್ರೆ ಉದ್ದ ಆಗ್ತಾ ಹೋಗಿ, ಒಂದು ಕಡೆ ಸಣ್ಣಗಾಗಿ, ಆಮೇಲೆ ತುಂಡಾಗತ್ತೆ. ಅದೇ ಸ್ಟೀಲ್‌ಗೆ ಗುಂಡು ಬಡಿದ್ರೆ ಎಲ್ಲ ಮೈಕ್ರೋಸೆಕೆಂಡುಗಳ ಲೆಕ್ಕದಲ್ಲಿ ಮುಗಿದೋಗತ್ತೆ, ಆಗ ನಿಧಾನಕ್ಕೆ ಎಳೆದು ಅಳೆದ ಬಲ ಕೆಲಸಕ್ಕೆ ಬರಲ್ಲ.

ಯಾಕಂದ್ರೆ ಲೋಹ ಬಗ್ಗೋದು ಅಂದ್ರೆ ಹರಳುಗಳ ಒಳಗೆ ಡಿಸ್‌ಲೊಕೇಶನ್ ಅನ್ನೋ ಜೋಡಣೆಯ ಲೋಪಗಳು ಜರುಗೋದು, ಅವು ಅಡ್ಡಿ ದಾಟೋಕೆ ಪರಮಾಣುಗಳ ಶಾಖದ ಕಂಪನ ಸಹಾಯ ಮಾಡತ್ತೆ, ಅವಸರದಲ್ಲಿ ತಳ್ಳಿದ್ರೆ ಆ ಸಹಾಯಕ್ಕೆ ಕಾಯೋಕೆ ಪುರುಸೊತ್ತಿಲ್ಲ, ಹಾಗಾಗಿ ಜಾಸ್ತಿ ಬಲ ಬೇಕು. ಅಂದ್ರೆ ಬೇಗ ಬಗ್ಗಿಸಿದಷ್ಟೂ ಸ್ಟೀಲ್ ಗಟ್ಟಿ. ಆದ್ರೆ ಬಗ್ಗಿಸೋಕೆ ಹಾಕಿದ ಶಕ್ತಿಯ ಬಹುಪಾಲು, ಲೆಕ್ಕ ಹಾಕೋರು ಸಾಮಾನ್ಯವಾಗಿ 90% ಅಂತ ಹಿಡೀತಾರೆ, ಶಾಖ ಆಗತ್ತೆ, ಅದು ಆಚೆ ಈಚೆ ಹರಡೋಕೆ ಟೈಮೇ ಇರಲ್ಲ. ಬಿಸಿಯಾದ ಜಾಗ ಮೆತ್ತಗಾಗತ್ತೆ, ಮೆತ್ತಗಾದ ಕಡೆನೇ ಇನ್ನಷ್ಟು ಬಗ್ಗತ್ತೆ, ಇನ್ನಷ್ಟು ಬಿಸಿಯಾಗತ್ತೆ, ಕೆಲವೊಮ್ಮೆ ಕೂದಲೆಳೆಯಷ್ಟು ಅಗಲದ ಪಟ್ಟಿಲಿ ಲೋಹ ಜಾರಿ ಸೀಳೇಬಿಡತ್ತೆ. ಇದೇ ಅಡಿಯಾಬ್ಯಾಟಿಕ್ ಶಿಯರ್ ಬ್ಯಾಂಡ್.

ಈ ಎಳೆದಾಟನ ಜಾನ್ಸನ್ ಮತ್ತೆ ಕುಕ್ ಅನ್ನೋ ಇಬ್ಬರು ಸಂಶೋಧಕರು 1983ರಲ್ಲಿ, ಲೋಹ ಬಗ್ಗಿಸೋಕೆ ಎಷ್ಟು ಬಲ ಬೇಕು ಅಂತ ಹೇಳೋ ಒಂದೇ ಸಾಲಿನ ಸೂತ್ರಕ್ಕೆ ಇಳಿಸಿದ್ರು: ಬಗ್ಗಿದಷ್ಟೂ ಗಟ್ಟಿಯಾಗೋದಕ್ಕೆ ಒಂದು ಭಾಗ, ವೇಗಕ್ಕೆ ಒಂದು, ಬಿಸಿಗೆ ಒಂದು, ಮೂರನ್ನೂ ಗುಣಿಸಿಬಿಡೋದು, ಅಷ್ಟೇ. ಇಷ್ಟು ಸರಳ ಸೂತ್ರ ಇವತ್ತಿಗೂ ಬಳಕೆಲಿದೆ ಅನ್ನೋದು ನನಗೆ ನಿಜಕ್ಕೂ ಆಶ್ಚರ್ಯ.

ಒಡೆಯೋದು ಯಾವಾಗ ಅಂತ ಹೇಳೋದು ಇದಕ್ಕಿಂತ ಕಷ್ಟ. ಲೋಹದೊಳಗಿನ ಕಲ್ಮಶದ ಕಣಗಳ ಸುತ್ತ ಸೂಕ್ಷ್ಮ ತೂತು ಹುಟ್ಟತ್ತೆ, ಎಲ್ಲಾ ದಿಕ್ಕಿಂದ ಎಳೆದ್ರೆ ಬೇಗ ದೊಡ್ಡದಾಗಿ ಒಂದಕ್ಕೊಂದು ಸೇರ್ಕೊಳತ್ತೆ, ಒತ್ತಿ ಹಿಡಿದ್ರೆ ಬೆಳೆಯೋದೇ ಕಷ್ಟ. ಅದಕ್ಕೇ 1985ರ ಅವರ ಎರಡನೇ ಸೂತ್ರದಲ್ಲಿ ಎಳೆತ ಒತ್ತಡದ ಸ್ಥಿತಿಗೂ ಜಾಗ ಇದೆ. ಹಾನಿಯನ್ನ ಚೂರುಚೂರಾಗಿ ಕೂಡಿಸ್ತಾ ಹೋಗೋದು, 1 ಆದ್ರೆ ಆ ಜಾಗ ಒಡೀತು ಅಂತ.

ಈ ಸೂತ್ರಗಳನ್ನ ಕಂಪ್ಯೂಟರ್‌ಗೆ ಕೊಟ್ಟು ಗುಂಡು ಬಡಿಯೋದನ್ನ ಲೆಕ್ಕ ಹಾಕಿಸ್ತಾರೆ, ಸೂತ್ರದೊಳಗೆ ಆಯಾ ಲೋಹಕ್ಕೆ ಅಳೆದ ಸಂಖ್ಯೆಗಳನ್ನ ತುಂಬಬೇಕು. ನನಗೆ ಚಿಂತೆ ಆಗೋದು ಇಲ್ಲೇ. ಬೇರೆ ಹೀಟ್ ಟ್ರೀಟ್‌ಮೆಂಟ್ (ಕಾಯಿಸಿ ತಣಿಸಿ ಗುಣ ಬದಲಾಯಿಸೋದು) ಆದ ಲೋಹದ ಸಂಖ್ಯೆಗಳನ್ನ ಹೆಸರು ಒಂದೇ ಅಂತ ಎತ್ತಿ ಹಾಕಿದ್ರೂ ಕಂಪ್ಯೂಟರ್ ತಕರಾರು ಮಾಡಲ್ಲ, ಚೆಂದದ ಬಣ್ಣದ ಚಿತ್ರ ಕೊಡತ್ತೆ. ಮೆತ್ತಗಾಗೋ ಲೋಹಕ್ಕೆ ಮೆಶ್, ಅಂದ್ರೆ ಲೆಕ್ಕಕ್ಕೆ ಅಂತ ಲೋಹನ ಚೂರುಗಳಾಗಿ ಹಂಚೋ ಬಲೆ, ಸಣ್ಣ ಮಾಡಿದ್ರೆ ಬಿರುಕಿನ ದಾರಿನೂ ಅದಕ್ಕೆ ತಗಲೋ ಶಕ್ತಿನೂ ಬದಲಾಗಬಹುದು. ಅದಕ್ಕೇ ಲೋಹದ ಸಿಲಿಂಡರನ್ನ ಗಟ್ಟಿ ಗೋಡೆಗೆ ಹಾರಿಸೋ ಟೇಲರ್ ಟೆಸ್ಟ್ ಇನ್ನೂ ಬೇಕು. ಕಂಪ್ಯೂಟರ್ ಲೆಕ್ಕದ ಜೊತೆ ಕುಗ್ಗಿದ ಉದ್ದ ಒಂದು ತಾಳೆ ಆದ್ರೆ ಸಾಲ್ದು, ಬಡಿದ ತುದಿಯ ಅಗಲ, ಅದರ ಹಿಂದಿನ ಉಬ್ಬು, ಎಲ್ಲಾನೂ ಪಕ್ಕಪಕ್ಕ ಇಟ್ಟು ನೋಡ್ಬೇಕು.